ವಿದ್ಯಾರಣ್ಯಪುರದಲ್ಲಿ ತಿಂಡಿ: ಎಲ್ಲಿ, ಎಷ್ಟು ಹೊತ್ತಿಗೆ?

ಪ್ರಶ್ನೆ: ಸರ್, ನಾವು ಬಹಳ ವರ್ಷ ಮಲ್ಲೇಶ್ವರದಲ್ಲಿದ್ದೆವು. ಈಗ ವಿದ್ಯಾರಣ್ಯಪುರದ ಬಿಇಎಲ್ ಲೇಔಟ್‌ಗೆ ಬಂದಿದ್ದೇವೆ. ಏರಿಯಾ ತಂಪಾಗಿದೆ, ಮರಗಳಿವೆ, ಗಲಾಟೆ ಇಲ್ಲ. ಆದರೆ ತಿನ್ನೋಕೆ ಏನೂ ಸಿಗುತ್ತಿಲ್ಲ. ಆ್ಯಪ್ ತೆಗೆದರೆ ಎಲ್ಲದಕ್ಕೂ 4.1, 4.2 ಅಂತ ಇದೆ. ತರಿಸಿದರೆ ಒಂದೂ ಚೆನ್ನಾಗಿರಲ್ಲ. ಮಾವನವರಿಗೆ 74 ವರ್ಷ, ಬಿಪಿ ಇದೆ, ಬೆಳಗ್ಗೆ ಇಡ್ಲಿ ಬೇಕೇ ಬೇಕು. ಮಗನಿಗೆ ಭಾನುವಾರ ಬಿರಿಯಾನಿ ಬೇಕು. ಮುಂದಿನ ತಿಂಗಳು ಹಾಸನದಿಂದ ಅಕ್ಕನ ಮನೆಯವರು ಎಂಟು ಜನ ಬರುತ್ತಾರೆ. ಇಂಥ ಕಡೆ ಒಳ್ಳೆ ಹೋಟೆಲ್ ಹುಡುಕುವುದು ಹೇಗೆ? ನಾಲ್ಕು ಹೆಸರು ಹೇಳಿದರೂ ಸಾಕು.

ಉತ್ತರ: ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಹೋಟೆಲ್ ಅಡುಗೆಮನೆಗಳಲ್ಲೇ ನನ್ನ ಕೆಲಸ. ಮೆನು ಮಾಡಿಕೊಡುತ್ತೇನೆ, ಭಟ್ಟರಿಗೆ ಅಳತೆ ಕಲಿಸುತ್ತೇನೆ. ಲೇಔಟ್‌ನ ಚಿಕ್ಕ ಹೋಟೆಲ್‌ನಲ್ಲಿ ರುಚಿ ಇರುವುದು ಬೋರ್ಡ್‌ನಲ್ಲಲ್ಲ, ಒಬ್ಬ ಭಟ್ಟನ ಕೈಯಲ್ಲಿ. ಯುಗಾದಿಗೆ ಊರಿಗೆ ಹೋದವನು ವಾಪಸ್ ಬರದಿದ್ದರೆ ನಾನು ಕೊಟ್ಟ ಪಟ್ಟಿ ಅವತ್ತಿಗೇ ಸುಳ್ಳಾಗುತ್ತದೆ. ಹುಡುಕುವ ದಾರಿ ಗೊತ್ತಿದ್ದರೆ ಭಟ್ಟ ಬದಲಾದರೂ ನೀವು ಹೊಸದನ್ನು ಹಿಡಿಯುತ್ತೀರಿ.

ಮಲ್ಲೇಶ್ವರಕ್ಕೂ ನಿಮ್ಮ ಈಗಿನ ಏರಿಯಾಗೂ ಇರುವ ವ್ಯತ್ಯಾಸ ಮೊದಲು ನೋಡೋಣ. ಮಲ್ಲೇಶ್ವರಕ್ಕೆ ಹೊರಗಿನವರು ತಿನ್ನಲೆಂದೇ ಬರುತ್ತಾರೆ. ಮಾರ್ಗೋಸಾ ರಸ್ತೆಯ ಸಿಟಿಆರ್ ಮುಂದೆ ಬೆಣ್ಣೆ ದೋಸೆಗೆ ಕಾಯುತ್ತಾ ನಿಂತವರಲ್ಲಿ ಅರ್ಧ ಜನ ಬೇರೆ ಏರಿಯಾದವರು. ಹಾಗಾಗಿ ಅಲ್ಲಿ ಹಿಟ್ಟು ಖರ್ಚಾಗುತ್ತಲೇ ಇರುತ್ತದೆ, ಯಾವಾಗ ಹೋದರೂ ಹೊಸದೇ ಸಿಗುತ್ತದೆ. ವಿದ್ಯಾರಣ್ಯಪುರಕ್ಕೆ ಹೊರಗಿನವರು ತಿನ್ನೋಕೆ ಬರಲ್ಲ. ಇಲ್ಲಿರುವುದು ಬಿಇಎಲ್ ಕಾರ್ಖಾನೆಯಿಂದ ರಿಟೈರ್ ಆದವರು, ಮನೆಯಲ್ಲೇ ಅಡುಗೆ ಮಾಡಿ ಉಣ್ಣುವವರು. ಹೋಟೆಲ್‌ಗೆ ಬರುವುದು ಬೆಳಗ್ಗೆ ವಾಕಿಂಗ್ ಮುಗಿಸಿಕೊಂಡು ಒಮ್ಮೆ, ಸಾಯಂಕಾಲ ಬಾಯಿ ಚಪ್ಪರಿಸೋಕೆ ಒಮ್ಮೆ. ಮಧ್ಯದಲ್ಲಿ ಅಂಗಡಿ ಖಾಲಿ.

ಅಂಥ ಕಡೆ ಹೋಟೆಲ್ ನಡೆಸುವವನು ಏನು ಮಾಡುತ್ತಾನೆ? ರಾತ್ರಿ ಲೆಕ್ಕ ಹಾಕಿ ಹಿಟ್ಟು ರುಬ್ಬಿಸುತ್ತಾನೆ. ಅದು ಬೆಳಗ್ಗೆಗೆ ಸರಿಯಾಗಿ ಹುದುಗು ಬಂದಿರುತ್ತದೆ. ಒಂಬತ್ತೂವರೆ ಹತ್ತಕ್ಕೆ ಮುಗಿದರೆ ಅವನ ಲೆಕ್ಕ ಸರಿ. ಉಳಿದರೆ? ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಹುಳಿ ಏರುತ್ತದೆ. ಬಿಸಾಡೋಕೆ ಮನಸ್ಸು ಬರಲ್ಲ. ಫ್ರಿಜ್‌ಗೆ ಹೋಗುತ್ತದೆ, ಸಾಯಂಕಾಲ ಸ್ವಲ್ಪ ಸಕ್ಕರೆ ಬಿದ್ದು ಮಸಾಲೆ ದೋಸೆ ಆಗಿ ಹೊರಗೆ ಬರುತ್ತದೆ. ಬೆಳಗ್ಗೆ ಏಳೂವರೆಗೆ ತಿಂದವರು ಐದು ಸ್ಟಾರ್ ಕೊಡುತ್ತಾರೆ, ಸಾಯಂಕಾಲ ಐದಕ್ಕೆ ತಿಂದವರು ಎರಡು ಕೊಡುತ್ತಾರೆ. ಎರಡೂ ನಿಜ. ಎರಡೂ ಸೇರಿ ಆ್ಯಪ್‌ನಲ್ಲಿ ಎಲ್ಲರಿಗೂ 4.1 ಆಗಿಬಿಡುತ್ತದೆ. ಆ ನಂಬರ್ ನಿಮಗೆ ಹೊತ್ತು ಹೇಳುವುದಿಲ್ಲ.

ಅದಕ್ಕೇ ಹೇಳುವುದು, ಈ ಥರದ ಲೇಔಟ್‌ನಲ್ಲಿ ಒಂದು ಹೋಟೆಲ್‌ಗೆ ಒಂದೇ ಒಳ್ಳೆ ತಿಂಡಿ, ಒಂದೇ ಒಳ್ಳೆ ಹೊತ್ತು ಅಂತ ಇಟ್ಟುಕೊಳ್ಳಿ. ಇಡ್ಲಿಗೆ ಒಂದು ಕಡೆ, ಕಾಫಿಗೆ ಇನ್ನೊಂದು ಕಡೆ, ಬೋಂಡಾಗೆ ಮತ್ತೊಂದು ಗಾಡಿ. ಎಲ್ಲವೂ ಚೆನ್ನಾಗಿರುವ ಒಂದು ಹೋಟೆಲ್ ಹುಡುಕುತ್ತಾ ಹೋದರೆ ಸುಮ್ನೆ ಸುಸ್ತು.

ಇದರ ಜೊತೆಗೇ ಇನ್ನೊಂದು. ಗಿರಾಕಿ ಕಡಿಮೆ ಇರುವ ರಸ್ತೆಯಲ್ಲಿ ನಾರ್ತ್ ಇಂಡಿಯನ್, ಚೈನೀಸ್, ತಂದೂರ್, ಚಾಟ್ಸ್, ಜ್ಯೂಸ್ ಅಂತ ಹತ್ತು ಪುಟದ ಮೆನು ಕಂಡರೆ ಹುಷಾರಾಗಿ. ದಿನಕ್ಕೆ ಇಬ್ಬರು ಕೇಳುವ ಪನೀರ್ ಗ್ರೇವಿಯನ್ನು ದಿನಾ ಹೊಸದಾಗಿ ಮಾಡೋಕೆ ಯಾರಿಂದ ಆಗುತ್ತದೆ? ಫ್ರೀಜರ್‌ನಲ್ಲಿ ಇರಲೇಬೇಕು. ಗೋಡೆ ಮೇಲೆ ಏಳೆಂಟು ಐಟಂ ಬರೆದು, ಅದರಲ್ಲೂ ಎರಡು 'ಖಾಲಿ' ಅನ್ನುವ ಅಂಗಡಿಯನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ಎಲ್ಲಿ ನೋಡಬೇಕು ಅಂತ. ನಿಮ್ಮ ಬ್ಲಾಕ್‌ನ ಒಳರಸ್ತೆಗಳಲ್ಲಿ ಹುಡುಕಬೇಡಿ, ಅಲ್ಲಿ ಮನೆಗಳೇ. ದಿನಾ ಒಂದೇ ಹೊತ್ತಿಗೆ ಹಸಿವಾಗುವ ಜನ ಎಲ್ಲಿ ಸೇರುತ್ತಾರೋ ಅಲ್ಲಿ ನೋಡಿ. ಬಸ್ಸಿನ ಕೊನೆ ಸ್ಟಾಪ್ ಹತ್ತಿರ ಡ್ರೈವರ್, ಕಂಡಕ್ಟರ್‌ಗಳು ಟ್ರಿಪ್ ಮಧ್ಯೆ ಟೀ ಕುಡಿಯುತ್ತಾರೆ. ದುರ್ಗಾಪರಮೇಶ್ವರಿ ದೇವಸ್ಥಾನದ ಸುತ್ತಮುತ್ತ ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಎಂ.ಎಸ್. ಪಾಳ್ಯದ ಕಡೆ ಎಂಜಿನಿಯರಿಂಗ್ ಕಾಲೇಜು ಇದೆ, ಹುಡುಗರಿಗೆ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಬೇಕು. ದೊಡ್ಡಬೊಮ್ಮಸಂದ್ರ, ತಿಂಡ್ಲು, ಕೊಡಿಗೇಹಳ್ಳಿ ಮೊದಲು ಹಳ್ಳಿಗಳು, ಆಮೇಲೆ ಸುತ್ತ ಲೇಔಟ್ ಬಂತು. ಆ ಹಳೆ ಊರಿನ ಬೀದಿಗಳಲ್ಲಿ ಮುದ್ದೆ, ಸೊಪ್ಪಿನ ಸಾರು, ನಾಟಿ ಸ್ಟೈಲ್ ಸಿಗುವ ಚಾನ್ಸ್ ನಿಮ್ಮ ಬ್ಲಾಕ್‌ಗಿಂತ ಎಷ್ಟೋ ಜಾಸ್ತಿ. ಲೇಔಟ್‌ನವರು ಆ ಕಡೆ ತಲೆ ಹಾಕುವುದೇ ಇಲ್ಲ. ಅದೇ ಅವರ ನಷ್ಟ.

ಯಾರನ್ನು ಕೇಳಬೇಕು ಅನ್ನುವುದು ಇನ್ನೂ ಮುಖ್ಯ. ಅಕ್ಕಪಕ್ಕದ ಮನೆಯವರು ತಮಗೆ ಅಭ್ಯಾಸ ಇರುವ ಒಂದು ಹೆಸರು ಹೇಳುತ್ತಾರೆ. ಆಟೋದವರು ಹೇಳಿದ ಕಡೆ ಹೊಟ್ಟೆ ತುಂಬುವುದು ಗ್ಯಾರಂಟಿ, ರುಚಿ ಗ್ಯಾರಂಟಿ ಇಲ್ಲ. ನನ್ನ ಅನುಭವದಲ್ಲಿ ಅತ್ಯಂತ ಒಳ್ಳೆ ಮಾಹಿತಿ ಸಿಗುವುದು ಹೋಟೆಲ್‌ಗೆ ಸಾಮಾನು ಹಾಕುವವರಿಂದ. ಏರಿಯಾದಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಇದ್ದೇ ಇರುತ್ತದೆ. ಮನೆಗೆ ಕಾಲು ಕೆಜಿ ತೆಗೆದುಕೊಳ್ಳುವಾಗ ಕೇಳಿ ನೋಡಿ: ಇಲ್ಲಿ ಯಾವ ಹೋಟೆಲ್‌ನವರು ನಿಮ್ಮ ಹತ್ತಿರ ಚಿಕೋರಿ ಕಡಿಮೆ ಹಾಕಿಸಿಕೊಂಡು ಹೋಗುತ್ತಾರೆ? ಅವರು ನಗುತ್ತಾ ಒಂದು ಹೆಸರು ಹೇಳುತ್ತಾರೆ. ಆ ಹೆಸರಿಗೆ ಯಾವ ರಿವ್ಯೂನೂ ಸಮ ಇಲ್ಲ. ಹಾಗೇ ತೆಂಗಿನಕಾಯಿ ಅಂಗಡಿಯಲ್ಲಿ, ದಿನಾ ಬೆಳಗ್ಗೆ ಕಾಯಿ ತೆಗೆದುಕೊಂಡು ಹೋಗುವ ಹೋಟೆಲ್ ಯಾವುದು ಅಂತ ಕೇಳಿ. ಚಟ್ನಿಗೆ ಕಾಯಿ ಹಾಕುವವರು ಯಾರು, ಬರೀ ಹುರಿಗಡಲೆಯಲ್ಲಿ ಕೆಲಸ ಮುಗಿಸುವವರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹೆಸರು ಸಿಕ್ಕಿದ ಮೇಲೆ ಒಬ್ಬರೇ ಹೋಗಿ, ಮನೆಯವರನ್ನೆಲ್ಲ ಕರೆದುಕೊಂಡು ಹೋಗಬೇಡಿ. ಬೆಳಗ್ಗೆ ಏಳೂವರೆಯಿಂದ ಎಂಟೂವರೆ ಒಳಗೆ ಹೋಗಿ. ಮೊದಲ ಸಲ ಎರಡು ಇಡ್ಲಿ, ಒಂದು ಕಾಫಿ ಅಷ್ಟೇ. ದೋಸೆ ಬೇಡ. ದೋಸೆಗೆ ಎಣ್ಣೆ, ಬೆಣ್ಣೆ, ಕೆಂಪು ಚಟ್ನಿ, ಪಲ್ಯ ಎಲ್ಲ ಸೇರಿ ಹಿಟ್ಟಿನ ತಪ್ಪನ್ನು ಮುಚ್ಚಿಬಿಡುತ್ತವೆ. ಇಡ್ಲಿಗೆ ಮುಚ್ಚಿಕೊಳ್ಳೋಕೆ ಜಾಗ ಇಲ್ಲ.

ಇಡ್ಲಿಯನ್ನು ಬೆರಳಲ್ಲಿ ಮುರಿಯಿರಿ. ಸಣ್ಣ ಸಣ್ಣ ತೂತು ಒಂದೇ ಸಮನೆ ಇದ್ದು, ರವೆ ರವೆಯಾಗಿ ಬಿಟ್ಟುಕೊಂಡರೆ ಉದ್ದು ಚೆನ್ನಾಗಿ ರುಬ್ಬಿದ್ದಾರೆ, ಹುದುಗು ಸರಿ ಬಂದಿದೆ. ಅಂಟಂಟಾಗಿ ಬೆರಳಿಗೆ ಹತ್ತಿದರೆ ಅನ್ನ ಅಥವಾ ಅವಲಕ್ಕಿ ಜಾಸ್ತಿ ಬಿದ್ದಿದೆ. ಒಂದು ಕಡೆ ಹಳದಿ ಛಾಯೆ ಇದ್ದು ಬಾಯಲ್ಲಿ ಸೋಪಿನ ಥರ ಅನಿಸಿದರೆ ಸೋಡಾ ಹೆಚ್ಚಾಗಿದೆ, ಮಾವನವರ ಬಿಪಿಗೆ ಅದು ಬೇಡ. ಅಡುಗೆ ಸೋಡಾದಲ್ಲೂ ಸೋಡಿಯಂ ಇರುತ್ತದೆ, ಉಪ್ಪಿನ ಲೆಕ್ಕಕ್ಕೇ ಸೇರುತ್ತದೆ. ಸಾಂಬಾರ್ ಬಟ್ಟಲು ಬೇರೆ ಇಸ್ಕೊಂಡು ಚಟ್ನಿ ಜೊತೆಗೇ ತಿನ್ನುವ ಅಭ್ಯಾಸ ಮಾಡಿಸಿ. 1965ರಲ್ಲಿ ಶುರುವಾದ ಶಂಕರಪುರಂನ ಬ್ರಾಹ್ಮಿನ್ಸ್ ಕಾಫಿ ಬಾರ್ ಬರೀ ಚಟ್ನಿಯಲ್ಲೇ ಇಡ್ಲಿ ವಡೆ ಕೊಡುತ್ತದೆ, ಸಾಂಬಾರ್ ಇಲ್ಲ ಅಂತ ಅಲ್ಲಿಂದ ಯಾರೂ ವಾಪಸ್ ಹೋಗಿಲ್ಲ.

ಚಟ್ನಿ ನೋಡುವ ಬಗೆ ಹೀಗೆ. ತಟ್ಟೆಯನ್ನು ಸ್ವಲ್ಪ ವಾಲಿಸಿ. ಕಾಯಿ ಚಟ್ನಿ ಅಂಚಿನಲ್ಲಿ ಬಿಳಿ ನೀರು ಬಿಡುತ್ತದೆ, ತರಿತರಿಯಾಗಿ ಕೂರುತ್ತದೆ. ಹುರಿಗಡಲೆ ಜಾಸ್ತಿ ಇದ್ದರೆ ಪೇಸ್ಟ್ ಥರ ಒಂದೇ ಮುದ್ದೆಯಾಗಿ ಜಾರುತ್ತದೆ. ಸ್ವಲ್ಪ ಹುರಿಗಡಲೆ ಇರಲಿ, ಅದು ತಪ್ಪಲ್ಲ. ಕಾಯಿ ಬೆಲೆ ಏರಿದಾಗ ಎಲ್ಲರೂ ಹಾಕುತ್ತಾರೆ. ಆದರೆ ಬಾಯಿಗಿಟ್ಟಾಗ ಕಾಯಿಯ ಸಿಹಿ ಒಂಚೂರೂ ಬರದಿದ್ದರೆ ಆ ಹೋಟೆಲ್‌ನವರು ಬೇರೆ ಕಡೆಯೂ ಕೈ ಬಿಗಿ ಹಿಡಿದಿರುತ್ತಾರೆ.

ಇಡ್ಲಿ ಬೇಯಿಸುವ ಜಾಗ ಕಂಡರೆ ಇಣುಕಿ ನೋಡಿ. ತಟ್ಟೆ ಮೇಲೆ ಒದ್ದೆ ಬಟ್ಟೆ ಹಾಸಿದ್ದಾರಾ, ಪ್ಲಾಸ್ಟಿಕ್ ಶೀಟ್ ಹಾಸಿದ್ದಾರಾ? 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ತಪಾಸಣೆ ಮಾಡಿದಾಗ ಹಲವು ಹೋಟೆಲ್‌ಗಳಲ್ಲಿ ಪ್ಲಾಸ್ಟಿಕ್ ಮೇಲೆ ಇಡ್ಲಿ ಬೇಯಿಸುವುದು ಸಿಕ್ಕಿ ದೊಡ್ಡ ಸುದ್ದಿಯಾಗಿತ್ತು. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ ಬೇಡವೇ ಬೇಡ. ಪ್ಲಾಸ್ಟಿಕ್ ಕಂಡರೆ ರುಚಿ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೆ ಬಿಟ್ಟುಬಿಡಿ. ಪಾರ್ಸೆಲ್‌ಗೂ ಅಷ್ಟೇ. ಬಿಸಿ ಸಾಂಬಾರ್ ಪ್ಲಾಸ್ಟಿಕ್ ಕವರ್‌ಗೆ ಹಾಕಿಸಿಕೊಳ್ಳಬೇಡಿ, ಮನೆಯಿಂದ ಸ್ಟೀಲ್ ಡಬ್ಬಿ ಹಿಡಿದುಕೊಂಡು ಹೋಗಿ. ಡಬ್ಬಿ ತಂದವರಿಗೆ ಚಟ್ನಿ ಒಂದು ಸೌಟು ಜಾಸ್ತಿ ಬೀಳುತ್ತದೆ, ಬೇಕಾದರೆ ನೋಡಿ.

ಸಾಯಂಕಾಲ ದೋಸೆ ತಿನ್ನುವ ಆಸೆ ಇದ್ದರೆ ಒಂದೇ ಪ್ರಶ್ನೆ ಸಾಕು: "ಸಂಜೆಗೆ ಬೇರೆ ಹಿಟ್ಟು ರುಬ್ತೀರಾ ಅಣ್ಣಾ?" ರುಬ್ಬುವವರು ತಕ್ಷಣ "ಹೌದು, ಬೆಳಗ್ಗೆ ಆರಕ್ಕೇ ರುಬ್ಬಿ ಇಟ್ಟಿದ್ದು" ಅಂತಾರೆ. ರುಬ್ಬದವರು "ಯಾಕ್ ಸಾರ್, ಚೆನ್ನಾಗಿಲ್ವಾ?" ಅಂತಾರೆ.

ಮಾವನವರ ವಿಷಯದಲ್ಲಿ ರುಚಿಗಿಂತ ಮೊದಲು ಕುರ್ಚಿ ನೋಡಿ. 1980ರ ದಶಕದಲ್ಲಿ ಜಯನಗರದ ಕಡೆ ಶುರುವಾದ ದರ್ಶಿನಿ ಪದ್ಧತಿ ಬೆಂಗಳೂರಿಗೆ ಕಡಿಮೆ ಬೆಲೆಗೆ ಶುಚಿಯಾದ ತಿಂಡಿ ಕೊಟ್ಟಿತು, ನಿಜ. ಆದರೆ ಅದು ನಿಂತು ತಿಂದು ಹೋಗುವವರಿಗೆ ಮಾಡಿದ್ದು. 74ರ ವಯಸ್ಸಿನಲ್ಲಿ ಒಂದು ಕೈಯಲ್ಲಿ ಬಿಸಿ ಕಾಫಿ, ಇನ್ನೊಂದರಲ್ಲಿ ತಟ್ಟೆ ಹಿಡಿದು ಟೇಬಲ್ ಹುಡುಕುವುದು ಕಷ್ಟ. ಹೊರಗೆ ಕಟ್ಟೆ ಆದರೂ ಇರಬೇಕು, ಮೆಟ್ಟಿಲು ಜಾಸ್ತಿ ಇರಬಾರದು. ದಿನಾ ಹೋಗುವ ಹಿರಿಯರಿಗೆ ಇಂಥ ಹೋಟೆಲ್‌ನವರೇ ಒಂದು ಸ್ಟೂಲ್ ಎಳೆದುಕೊಡುತ್ತಾರೆ. ಅದು ಆ್ಯಪ್‌ನಲ್ಲಿ ತರಿಸಿಕೊಂಡರೆ ಸಿಗುವುದಿಲ್ಲ ಅಲ್ವಾ?

ಮಗನ ಬಿರಿಯಾನಿಗೆ ಬರೋಣ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಆ್ಯಪ್ ತೆಗೆದರೆ ಕೆಟ್ಟದ್ದೇ ಸಿಗುತ್ತದೆ. ಆರ್ಡರ್ ಒತ್ತಡ, ಎರಡನೇ ಮೂರನೇ ಹಂಡೆ, ಡಬ್ಬಿಯಲ್ಲಿ ಬೆವೆತ ಅನ್ನ. ಚಿಕ್ಕ ಮಿಲಿಟರಿ ಹೋಟೆಲ್‌ಗಳಿಗೆ ಭಾನುವಾರವೇ ದೊಡ್ಡ ದಿನ. ಬೆಳಗ್ಗೆ ಕಾಲ್ ಸೂಪ್, ಇಡ್ಲಿ ಜೊತೆ ಕೈಮಾ, ಮಧ್ಯಾಹ್ನ ಮುದ್ದೆ ಊಟ. ಮೊದಲ ಹಂಡೆ ಎಷ್ಟು ಗಂಟೆಗೆ ಬಿಚ್ಚುತ್ತಾರೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಆ ಹೊತ್ತಿಗೆ ಮಗನನ್ನೇ ಕಳಿಸಿ. ದೊನ್ನೆ ಬಿರಿಯಾನಿ ಆದರೆ ಅನ್ನ ಸಣ್ಣಕ್ಕಿಯದು, ಜೀರಿಗೆ ಸಾಂಬಾ ಥರದ್ದು ಇರಬೇಕು. ಬಣ್ಣ ಪುದೀನ ಕೊತ್ತಂಬರಿಯ ಮಾಸಲು ಹಸಿರು. ಬಾಸುಮತಿ ಉದ್ದಕ್ಕಿ, ಮೇಲೆ ಕೇಸರಿ ಬಣ್ಣದ ಕಲೆ ಕಂಡರೆ ಅದು ದೊನ್ನೆಯಲ್ಲಿ ಹಾಕಿದ ಬೇರೇನೋ. ಮುದ್ದೆ ಕೇಳಿದರೆ ಬಿಸಿ ಇದೆಯಾ ಅಂತ ಮುಟ್ಟಿ ನೋಡಿ. ಒಳ್ಳೆ ಕಡೆ ಸ್ವಲ್ಪ ಸ್ವಲ್ಪವಾಗಿ ತೊಳಸುತ್ತಾ ಇರುತ್ತಾರೆ. ಹನ್ನೆರಡಕ್ಕೆ ಕಟ್ಟಿಟ್ಟ ಮುದ್ದೆ ಎರಡಕ್ಕೆ ಮೇಲೆ ಸಿಪ್ಪೆಗಟ್ಟಿರುತ್ತದೆ.

ಗೋಬಿ, ಕಬಾಬ್ ಬಗ್ಗೆ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಹುಡುಗ ಇದ್ದಾನೆ ಅಂದರೆ ಅದು ಬಂದೇ ಬರುತ್ತದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಮಾಡಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ಆಯಿತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಸ್ವಲ್ಪ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ, ಕೈಗೆ ಹತ್ತಿದರೆ ಸೋಪಿಗೆ ಹೋಗುತ್ತದೆ. ಬೀದಿ ದೀಪದಲ್ಲೂ ಹೊಳೆಯುವ ಕೆಂಪು ಕಂಡರೆ ಮುಂದಕ್ಕೆ ನಡೆಯಿರಿ. ಬಜ್ಜಿ ಬೋಂಡಾ ಗಾಡಿಯಲ್ಲಿ ಬಾಣಲೆ ನೋಡಿ. ಎಣ್ಣೆ ಕಪ್ಪಗಾಗಿ, ಏನೂ ಹಾಕದಿದ್ದರೂ ಮೇಲೆ ನೊರೆ ನಿಂತಿದ್ದರೆ ಅದು ಸಾಕಷ್ಟು ಸಲ ಕಾದ ಎಣ್ಣೆ. ಗಾಡಿ ತೆಗೆದ ಅರ್ಧ ಗಂಟೆಗೆ ಹೋದರೆ ಈ ತಲೆನೋವು ಕಡಿಮೆ. ಅಲ್ಲೂ ಹೊತ್ತೇ.

ಐಯಂಗಾರ್ ಬೇಕರಿ ನಿಮ್ಮ ಕಡೆ ರಸ್ತೆಗೊಂದು ಇರುತ್ತದೆ. ಎಲ್ಲ ಕಡೆಯೂ ಒಲೆ ಇರುವುದಿಲ್ಲ. ಬೇರೆ ಎಲ್ಲೋ ಸುಟ್ಟದ್ದನ್ನು ಟೆಂಪೋದಲ್ಲಿ ತಂದು ಮಾರುವವರೂ ಇದ್ದಾರೆ. ಖಾರಾ ಬನ್ ಎಲ್ಲ ಅಚ್ಚಿನಲ್ಲಿ ತೆಗೆದಂತೆ ಒಂದೇ ಸೈಜ್ ಇದ್ದರೆ ಅನುಮಾನ. ಒಂದು ಸ್ವಲ್ಪ ಸೊಟ್ಟ, ಒಂದರ ಮೇಲೆ ಈರುಳ್ಳಿ ಕರಕಲು, ತಳದಲ್ಲಿ ಟ್ರೇ ಗುರುತು ಇದ್ದರೆ ಅಲ್ಲೇ ಸುಟ್ಟದ್ದು. ಬಿಸಿ ಎಷ್ಟೊತ್ತಿಗೆ ಬರುತ್ತದೆ ಅಂತ ಕೇಳಿ. ಹೆಚ್ಚಾಗಿ ನಾಲ್ಕರಿಂದ ಐದರ ಒಳಗೆ. ನಿಮ್ಮ ಅಕ್ಕನ ಮನೆಯವರು ಹಾಸನದವರು ಅಂದಿರಿ. ಬೆಂಗಳೂರಿನ ಐಯಂಗಾರ್ ಬೇಕರಿಯವರಲ್ಲಿ ಬಹಳ ಜನರ ಮೂಲ ಹಾಸನದ ಕಡೆಯದೇ. ಮಾತಿಗೆ ಕೂತರೆ ನೆಂಟಸ್ತಿಕೆ ಹೊರಬಂದರೂ ಬರಬಹುದು.

ಆ್ಯಪ್ ಪೂರ್ತಿ ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಟಾರ್ ನೋಡಬೇಡಿ, ಹೊಸ ರಿವ್ಯೂ ಮೊದಲು ಬರುವ ಹಾಗೆ ಹಾಕಿಕೊಂಡು ಮೂರು ಸ್ಟಾರ್‌ನವು ಓದಿ. ಐದು ಕೊಡುವವರು ಖುಷಿಯಲ್ಲಿರುತ್ತಾರೆ, ಒಂದು ಕೊಡುವವರು ಕೋಪದಲ್ಲಿರುತ್ತಾರೆ. ಮೂರು ಕೊಡುವವರು ಕೂತು ಬರೆಯುತ್ತಾರೆ. "ಒಂಬತ್ತೂವರೆಗೆ ಹೋದರೆ ಇಡ್ಲಿ ಖಾಲಿ, ಪಾರ್ಕಿಂಗ್ ಇಲ್ಲ, ಬರೀ ಕ್ಯಾಶ್" ಅಂತ ಬೈದಿದ್ದರೆ ಮಾರನೇ ದಿನ ಎಂಟಕ್ಕೆ ಅಲ್ಲಿಗೆ ಹೋಗಿ. ಆರ್ಡರ್ ಮಾಡುವ ಪುಟದ ಕೆಳಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಇರುತ್ತದೆ. ಮೂರು ಬೇರೆ ಬೇರೆ ಹೆಸರಿನ 'ಹೋಟೆಲ್' ಕೆಳಗೆ ಒಂದೇ ನಂಬರ್ ಇದ್ದರೆ ಅಡುಗೆಮನೆ ಒಂದೇ ಅಂತ ತಿಳಿಯಿರಿ. ಬಿರಿಯಾನಿ, ಪರೋಟ, ಪಿಜ್ಜಾ ಎಲ್ಲ ಅದೇ ಒಲೆಯಿಂದ ಬರುತ್ತದೆ. ಆ ನಂಬರ್‌ನ ನಾಲ್ಕು ಮತ್ತು ಐದನೇ ಅಂಕಿ ಲೈಸೆನ್ಸ್ ಪಡೆದ ವರ್ಷ. 17 ಇದ್ದರೆ 2017. ಇಷ್ಟು ವರ್ಷ ಒಂದೇ ಏರಿಯಾದಲ್ಲಿ ಬಾಗಿಲು ತೆಗೆದುಕೊಂಡಿದ್ದಾರೆ ಅಂದರೆ ಸುತ್ತಲಿನ ಮನೆಯವರು ವಾಪಸ್ ಬರುತ್ತಿದ್ದಾರೆ ಅಂತ ಲೆಕ್ಕ. ಹೋಟೆಲ್ ಗೋಡೆ ಮೇಲೂ ಈ ನಂಬರ್ ಕಾಣುವ ಹಾಗೆ ಹಾಕಿರಬೇಕು, ಕ್ಯಾಶ್ ಕೌಂಟರ್ ಹಿಂದೆ ಗಣಪತಿ ಫೋಟೋ ಪಕ್ಕ ನೋಡಿ.

ಲೇಔಟ್‌ಗಳ ನಿಜವಾದ ಅಡುಗೆ ಇರುವುದು ಬೋರ್ಡ್ ಇಲ್ಲದ ಮನೆಗಳಲ್ಲಿ. ಹೋಳಿಗೆ ಮಾಡಿಕೊಡುವವರು, ಚಪಾತಿ ಲೆಕ್ಕದಲ್ಲಿ ಮಾರುವವರು, ಉತ್ತರ ಕರ್ನಾಟಕದಿಂದ ಬಂದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕೊಡುವವರು. ಗೇಟಿಗೆ ಒಂದು ಪೇಪರ್ ಅಂಟಿಸಿರುತ್ತಾರೆ, ಅಷ್ಟೇ. ಇವರನ್ನು ಹುಡುಕೋಕೆ ದಿನಸಿ ಅಂಗಡಿಯೇ ಜಾಗ. ಗೋಧಿ ಹಿಟ್ಟು ಮೂಟೆಗಟ್ಟಲೆ ಯಾರ ಮನೆಗೆ ಹೋಗುತ್ತದೆ ಅಂತ ಅಂಗಡಿಯವರಿಗೆ ಗೊತ್ತು. ಬಿಪಿ ಇರುವವರಿಗೆ ಇದು ಹೋಟೆಲ್‌ಗಿಂತ ಎಷ್ಟೋ ವಾಸಿ. ಉಪ್ಪು ಕಡಿಮೆ ಹಾಕಿ ಅಂದರೆ ಹಾಕುತ್ತಾರೆ.

ಸಿಟಿಆರ್ ದೋಸೆಯ ಬದಲಿಯನ್ನು ಮಾತ್ರ ವಿದ್ಯಾರಣ್ಯಪುರದಲ್ಲಿ ಹುಡುಕಬೇಡಿ. ಅದು ಬೇಕೆನಿಸಿದ ದಿನ ಮಲ್ಲೇಶ್ವರಕ್ಕೇ ಹೋಗಿ ಬನ್ನಿ, ಬಸ್ ಇದೆ. ಹೊರಡುವ ಮೊದಲು ರಜೆ ದಿನ ನೋಡಿಕೊಳ್ಳಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುಕ್ರವಾರ ಬಾಗಿಲು ಹಾಕುತ್ತದೆ ಅಂತ ಗೊತ್ತಿಲ್ಲದೆ ಊರಾಚೆಯಿಂದ ಬಂದು ನಿಂತವರನ್ನು ನೋಡಿದ್ದೇನೆ.

ಇನ್ನು ಅಕ್ಕನ ಮನೆಯವರು. ಎಂಟು ಜನ, ಜೊತೆಗೆ ನೀವು. ಒಂದೇ ಹೋಟೆಲ್‌ಗೆ ಎಲ್ಲರನ್ನೂ ಕರೆದುಕೊಂಡು ಹೋಗುವ ಯೋಚನೆ ಬಿಡಿ. ಲೇಔಟ್ ಹೋಟೆಲ್‌ನಲ್ಲಿ ಒಮ್ಮೆಗೇ ಅಷ್ಟು ಜನ ನುಗ್ಗಿದರೆ ಭಟ್ಟನಿಗೂ ಕಷ್ಟ, ನಿಮಗೂ ಕಷ್ಟ. ಬೆಳಗ್ಗೆ ತಿಂಡಿ ಮನೆಗೇ ತನ್ನಿ. ಹಿಂದಿನ ರಾತ್ರಿ ಅಂಗಡಿ ಮುಚ್ಚುವ ಮೊದಲು ಹೋಗಿ "ನಾಳೆ ಏಳೂವರೆಗೆ ನಲವತ್ತು ಇಡ್ಲಿ, ಇಪ್ಪತ್ತು ವಡೆ" ಅಂತ ಹೇಳಿ, ಸ್ವಲ್ಪ ಮುಂಗಡ ಕೊಟ್ಟುಬಿಡಿ. ಅವರು ಅಷ್ಟು ಹಿಟ್ಟು ಜಾಸ್ತಿ ರುಬ್ಬಿಸುತ್ತಾರೆ. ಹೇಳದೆ ಹೋಗಿ ಕೇಳಿದರೆ ಬೇರೆಯವರ ಪಾಲಿನದ್ದು ನಿಮಗೆ ಬರುತ್ತದೆ, ಇಲ್ಲವೇ ಅರ್ಧ ಬೆಂದದ್ದು ಬರುತ್ತದೆ. ಮಧ್ಯಾಹ್ನಕ್ಕೆ ಅನ್ನ ಸಾರು ನೀವೇ ಮಾಡಿ, ಹೋಳಿಗೆ ಮಾತ್ರ ಆ ಮನೆಯವರಿಗೆ ಎರಡು ದಿನ ಮೊದಲೇ ಹೇಳಿಡಿ. ಸಾಯಂಕಾಲ ನಾಲ್ಕೂವರೆಗೆ ಮಕ್ಕಳನ್ನು ಬೇಕರಿಗೆ ಕಳಿಸಿ, ಕಾಂಗ್ರೆಸ್ ಕಡಲೆಕಾಯಿ, ಬಿಸಿ ಖಾರಾ ಬನ್ ತರಲಿ. ರಾತ್ರಿಗೆ ರೊಟ್ಟಿ ಊಟ ತರಿಸುವುದಾದರೆ ಎಣ್ಣೆಗಾಯಿ ಖಾರ ಕಡಿಮೆ ಮಾಡಿ ಅಂತ ಹೇಳಲು ಮರೆಯಬೇಡಿ, ಹಾಸನದ ಕಡೆಯವರಿಗೆ ಆ ಖಾರ ಅಭ್ಯಾಸ ಇರುವುದಿಲ್ಲ.